ನಾಯಿಗೆ ಎತ್ತಿನ ಮೇವಿಕ್ಕಿದ ದೊಡ್ಡಪ್ಪ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೊಳಕೈವರೆಗೆ ಬೆಣ್ಣೆ ಬಳಿದುಕೊಂಡ ಕೈಯಲ್ಲಿ ದೊಡ್ಡಪ್ಪ ಆ ನಾಯಿಮರಿಯ ಬಾಯಿಗೆ ಹುರುಳಿ ಉಂಡೆ ತುರುಕುತ್ತಿದ್ದಾಗ, ಪಕ್ಕದಲ್ಲಿ ನಿಂತು ‘ಡಾಕ್ಟ್ರು ಹೇಳಿದ್ದೂ ಇದನ್ನೇ’ ಎಂದು ತಲೆಯಾಡಿಸುತ್ತಿದ್ದ ಮಹಾಪಂಡಿತ ನಾನೇ. ಡಾಕ್ಟರು ಹಾಗೆ ಹೇಳಿರಲಿಲ್ಲ. ಡಾಕ್ಟರನ್ನು ನಾನು ನೋಡಿಯೇ ಇರಲಿಲ್ಲ.

ಆ ಕೈಯನ್ನು ಕಂಡವರು ಮುಖ ನೋಡುವುದನ್ನು ಮರೆಯುತ್ತಿದ್ದರು. ಬಲಗೈ ಹೆಬ್ಬೆರಳು ಯಾವುದೋ ಎತ್ತಿನ ದವಡೆಗೆ ಸಿಕ್ಕಿ ಒಂದು ಕಡೆ ಚಪ್ಪಟೆಯಾಗಿತ್ತು. ಉಗುರಿನ ಸಂದಿಯಲ್ಲಿ ಹುರುಳಿಯ ಕಂದುಬಣ್ಣ ಯಾವ ಸೋಪಿಗೂ ಜಗ್ಗದೆ ಕೂತಿತ್ತು. ನಮ್ಮ ಕಡೆ ಎತ್ತು ಸಾಕುವವರು ಮನೆಗೊಬ್ಬರು. ಆದರೆ ದನದ ಜಾತ್ರೆಯಲ್ಲಿ ಜನ ಸುತ್ತುಗಟ್ಟಿ ನಿಂತು ನೋಡುವ ಹಾಗೆ ಎತ್ತು ಮೇಯಿಸುವುದು ಬೇರೆಯೇ ವಿದ್ಯೆ, ಅದರಲ್ಲಿ ದೊಡ್ಡಪ್ಪನನ್ನು ಮೀರಿಸುವವರಿರಲಿಲ್ಲ. ಬೇಯಿಸಿ ರುಬ್ಬಿದ ಹುರುಳಿ, ಹತ್ತಿಬೀಜದ ಹಾಲು, ಬೆಣ್ಣೆ, ಮೊಟ್ಟೆ. ಎತ್ತು ತಾನಾಗಿ ತಿಂದು, ಸಾಕಾಗಿ, ಮುಖ ತಿರುಗಿಸಿದ ಮೇಲೆ ದೊಡ್ಡಪ್ಪನ ಕೆಲಸ ಶುರುವಾಗುತ್ತಿತ್ತು.

ಮನೆಗೆ ಬಂದವರ ಮುಖ ನೋಡಿ ಕುಶಲ ಕೇಳುವುದು ಲೋಕದ ರೂಢಿ. ದೊಡ್ಡಪ್ಪ ಹಿಂದೆ ಹೋಗಿ ನಿಂತು, ಸೊಂಟ ನೋಡಿ ಕೇಳುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಕಂದಾಯದ ವಿಷಯ ಮಾತಾಡಲು ಬಂದಿದ್ದಾಗ, ಅವರನ್ನು ಒಂದು ಸುತ್ತು ಬಂದು, “ಮೈ ಐತೆ, ಬಲ ಇಲ್ಲ” ಎಂದಿದ್ದರು. ನನ್ನ ಬಗ್ಗೆ ಅವರ ತೀರ್ಪು ಇನ್ನೂ ಚಿಕ್ಕದು: “ಇವ್ನ್ಗೆ ಇಕ್ಕಿದ್ದೆಲ್ಲ ಬಾಯ್ಗೇ ಓಯ್ತದೆ.”

ಅದು ಸುಳ್ಳೇನಲ್ಲ. ಮಂಡ್ಯದ ಕಾಲೇಜಿನಲ್ಲಿ ಓದುತ್ತೇನೆಂದು ಹೇಳಿಕೊಂಡು ನಾನು ಅವರ ಮನೆಯಲ್ಲಿದ್ದೆ. ಹನಕೆರೆ ಸ್ಟೇಷನ್ನಿಗೆ ನಡೆದುಹೋದರೆ ಒಂದು ದಿಕ್ಕಿನ ರೈಲು ಮಂಡ್ಯಕ್ಕೆ, ಇನ್ನೊಂದು ದಿಕ್ಕಿನದು ಮದ್ದೂರಿಗೆ. ಎರಡು ದಿಕ್ಕಿನಲ್ಲೂ ಓಡಾಡಿ ನಾನು ಕಲಿತದ್ದು ಒಂದೇ, ಇನ್ನೊಬ್ಬರ ದನಿ. ಪ್ರಿನ್ಸಿಪಾಲರ ಗೊಗ್ಗರು ಗಂಟಲು, ಸ್ಟೇಷನ್ ಮಾಸ್ಟರರ ಆಕಳಿಕೆ, ದೊಡ್ಡಮ್ಮ ಬೆಕ್ಕಿಗೆ ಬೈಯುವ ರಾಗ, ಎಲ್ಲ ನನ್ನ ಹತ್ತಿರ ಇದ್ದವು. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮನೆಯವರೇ ತಬ್ಬಿಬ್ಬಾಗುತ್ತಿದ್ದರು.

ಆ ವರ್ಷ ದೊಡ್ಡಪ್ಪನ ಮಗ, ನಾನು ಅಣ್ಣ ಎನ್ನುವವನು, ಟ್ರ್ಯಾಕ್ಟರ್ ತಂದ. ಎತ್ತುಗಳು ಹೋದವು. ದೊಡ್ಡಪ್ಪ ಟ್ರ್ಯಾಕ್ಟರನ್ನು ಒಂದು ಸುತ್ತು ಬಂದು, ಹಿಂದಿನ ಚಕ್ರ ತಟ್ಟಿ, “ಇಕ್ಕುದ್ರೂ ಅಷ್ಟೇ, ಬುಟ್ರೂ ಅಷ್ಟೇ. ಇದೂ ಒಂದು ಬಾಳಾ?” ಎಂದು ಒಳಗೆ ಹೋದರು.

ಕೊಟ್ಟಿಗೆ ಖಾಲಿಯಾದದ್ದರಿಂದ ಕೈಗೆ ಕೆಲಸವಿಲ್ಲ ಎನ್ನುವುದೊಂದು ಸಂಕಟ. ಅದಕ್ಕಿಂತ ದೊಡ್ಡದು, ಅಣ್ಣನಿಗೆ ಮಳವಳ್ಳಿ ಕಡೆಯ ಹೆಣ್ಣೊಂದು ಮಾತಾಗಿತ್ತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದರೆ, ಜಗಲಿ ಮೇಲೆ ಕೂರುವ ಮುಂಚೆ ಕೊಟ್ಟಿಗೆಯ ಕಡೆ ಒಂದು ಕಣ್ಣು ಹಾಯಿಸುತ್ತಾರೆ. ಕಟ್ಟಿದ ಪ್ರಾಣಿ ಬಡಕಲಾಗಿ ಕಂಡಿತೋ, ಕಾಫಿ ಕುಡಿದು ‘ಯೋಳಿ ಕಳುಸ್ತೀವಿ’ ಎಂದು ಎದ್ದುಹೋಗುತ್ತಾರೆ. ದನಕ್ಕೆ ಇಕ್ಕದವರು ಸೊಸೆಗೆ ಇಕ್ಕುತ್ತಾರೆಯೇ ಎಂಬ ತರ್ಕ. ಯುಗಾದಿ ಕಳೆದ ಮೇಲೆ ಬರುತ್ತೇವೆಂದು ಅವರು ಹೇಳಿ ಕಳಿಸಿದ್ದರು. ಊರಿಗೆಲ್ಲ ಎತ್ತು ಮೇಯಿಸುವುದನ್ನು ಕಲಿಸಿದವರ ಬಾಗಿಲಲ್ಲಿ ತೋರಿಸಲು ಒಂದು ಕರುವೂ ಇರಲಿಲ್ಲ.

ಅಷ್ಟರಲ್ಲಿ ಮರಿ ಬಂತು. ಭಾರತೀನಗರದಲ್ಲಿ ಅಣ್ಣನಿಗೆ ಪರಿಚಯವಿದ್ದ ಎಂಜಿನಿಯರೊಬ್ಬರಿಗೆ ವರ್ಗವಾಗಿ, ಹೋಗುವ ಮುನ್ನ ತಮ್ಮ ಗ್ರೇಟ್ ಡೇನ್ ಜಾತಿಯ ನಾಯಿ ಹಾಕಿದ ಒಂದು ಗಂಡುಮರಿಯನ್ನು ಅವನ ಕೈಗಿಟ್ಟರು. ಹಾಲು ಬಿಟ್ಟ ಹೊಸತು, ಆಗಲೇ ಅದರ ಪಾದ ನಮ್ಮೂರ ಬೆಳೆದ ನಾಯಿಗಳ ಪಾದದಷ್ಟಿತ್ತು. ದೊಡ್ಡಪ್ಪ ಅದರ ಹಿಂದೆ ಹೋಗಿ ನಿಂತು ಸೊಂಟ ನೋಡಿದರು.

“ಎಷ್ಟೆತ್ರ ಬೆಳೀತದ್ಲಾ ಇದು?”

“ಕರೀನಷ್ಟು ಬೆಳೀತದೆ ಕಣಪ್ಪ” ಎಂದ ಅಣ್ಣ.

ಕರು ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದರು.

ಮಾರನೆಯ ದಿನ ನನ್ನನ್ನು ಮದ್ದೂರಿನ ದನದ ಆಸ್ಪತ್ರೆಗೆ ಓಡಿಸಿದರು. “ಈ ಜಾತಿ ನಾಯ್ಗೆ ಏನಿಕ್ಬೇಕು ಅಂತ ಡಾಕ್ಟ್ರನ್ನ ಕೇಳ್ಕಂಡ್ ಬಾ. ಊರ್ನಾಯ್ಗೆ ಇಕ್ದಂಗೆ ಇಕ್ಕಾದಲ್ಲ ಇದು.” ನಾನು ಮದ್ದೂರಿನಲ್ಲಿ ಇಳಿದದ್ದು ನಿಜ. ದಾರಿಯಲ್ಲಿ ಟಾಕೀಸು ಸಿಕ್ಕಿತು, ಆಸ್ಪತ್ರೆ ಸಿಗಲಿಲ್ಲ.

ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಡಾಕ್ಟರಾದೆ. ಹಿಂದೊಮ್ಮೆ ಎತ್ತು ನೋಡಲು ಬಂದಿದ್ದ ದನದ ಡಾಕ್ಟರ ದನಿ ನನ್ನ ಹತ್ತಿರ ಜೋಪಾನವಾಗಿತ್ತು: ಎರಡು ಕೆಮ್ಮು, ಆಮೇಲೆ ಮಾತು, ಪ್ರತಿ ಮಾತಿನ ಬಾಲಕ್ಕೆ ಒಂದು ‘ಅಷ್ಟೇಯ’.

“ನೋಡೀ ಗೌಡ್ರೇ, ದೊಡ್ಡ ಜಾತಿ, ದೊಡ್ಡ ಊಟ, ಅಷ್ಟೇಯ. ಹುರುಳಿ, ಬೆಣ್ಣೆ, ಮೊಟ್ಟೆ, ಯಾವುದಕ್ಕೂ ಹಿಂದೆಮುಂದೆ ನೋಡ್ಬೇಡಿ. ಎತ್ತಿಗೆ ತಿನ್ನಿಸಿದ ಕೈಗೆ ನಾಯಿಗೆ ತಿನ್ನಿಸೋದು ನಾನು ಹೇಳಿಕೊಡಬೇಕೇ? ಅಷ್ಟೇಯ.”

ದೊಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದೊಡ್ಡಪ್ಪ ತೊಡೆ ತಟ್ಟಿ, “ಡಾಕ್ಟ್ರಂದ್ರೆ ಅವ್ರಪ್ಪ, ತಿಳ್ದೋರು” ಎಂದರು.

ಅಂದಿನಿಂದ ಆ ಮರಿಗೆ ಹಸಿವು ಎನ್ನುವುದೇ ಗೊತ್ತಾಗಲಿಲ್ಲ. ಬೆಳಿಗ್ಗೆ ಹುರುಳಿ, ಮಧ್ಯಾಹ್ನ ಬೆಣ್ಣೆ ಹಾಕಿ ಮಿದ್ದ ಮುದ್ದೆ, ಸಾಯಂಕಾಲ ಮಾಂಸದಂಗಡಿಯ ಮೂಳೆ. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಅಟ್ಟದಿಂದ ಇಳಿಯಿತು, ಅದರಲ್ಲಿ ಹಸಿಮೊಟ್ಟೆಯನ್ನೂ ಎಳ್ಳೆಣ್ಣೆಯನ್ನೂ ಕಲಸಿ ಗಂಟಲಿಗೆ ಹುಯ್ಯುತ್ತಿದ್ದರು. ಮೂಳೆ ಗಟ್ಟಿಯಾಗಲೆಂದು ಬಸುರಿಯರಿಗೆ ಕೊಡುವ ಹಾಗೆ ಸುಣ್ಣದ ತಿಳಿ ಬೇರೆ. ಕೊರಳಿಗೆ ಎತ್ತಿನ ಗೆಜ್ಜೆಪಟ್ಟಿ. ಮರಿ ನಡೆದರೆ ಗಾಡಿ ಬಂತೆಂದು ದಾರಿಹೋಕರು ಪಕ್ಕಕ್ಕೆ ಸರಿಯುತ್ತಿದ್ದರು. ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿಬಂದ ನೆಂಟರು ಪ್ರಸಾದ ಕೊಡುವ ನೆಪದಲ್ಲಿ ಬಂದು ಅದನ್ನೇ ನೋಡಿಕೊಂಡು ಹೋದರು. ಮಳವಳ್ಳಿಯವರು ಬರುವಷ್ಟರಲ್ಲಿ ಇದು ಎಷ್ಟಾಗಬಹುದೆಂದು ದೊಡ್ಡಪ್ಪ ಕೈ ಚಾಚಿ ತೋರಿಸುತ್ತಿದ್ದರು. ಕೈ ದಿನದಿನಕ್ಕೆ ಮೇಲೇರುತ್ತಿತ್ತು.

ಒಂದು ಬೆಳಿಗ್ಗೆ ದೊಡ್ಡಮ್ಮ ಅಂಗಳ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿದರು. “ಇಲ್ನೋಡಿ, ಇದ್ಯಾಕೆ ಇಕ್ಕುಳ ಇದ್ದಂಗೆ ನಿಂತ್ಕಂಡದೆ?”

ಮುಂಗಾಲೆರಡೂ ನಡುವೆ ಬಾಗಿ, ಪಾದಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ದೊಡ್ಡಪ್ಪ ಬಗ್ಗಿ ನೋಡಿ, ಸುಣ್ಣ ಸಾಲದು ಎಂದರು. ಸುಣ್ಣ ಹೆಚ್ಚಾಯಿತು, ಕಾಲು ಇನ್ನಷ್ಟು ಬಾಗಿತು. ಆಮೇಲಾಮೇಲೆ ಮರಿ ಏಳುವಾಗ ಕುಂಯ್‌ಗುಟ್ಟತೊಡಗಿತು. ಆ ಸದ್ದನ್ನು ಅನುಕರಿಸಲು ನಾನು ಹೋಗಲಿಲ್ಲ.

ಅಣ್ಣ ಯಾರನ್ನೂ ಕೇಳದೆ ಮದ್ದೂರಿಗೆ ಹೋಗಿ ಡಾಕ್ಟರನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಬಂದ. ಇಳಿದವರು ಬೇರೆಯೇ ಮನುಷ್ಯ. ಎಳೆಯ ವಯಸ್ಸು, ತೆಳ್ಳನೆಯ ದನಿ, ಕೆಮ್ಮಿಲ್ಲ, ಒಂದೇ ಒಂದು ‘ಅಷ್ಟೇಯ’ ಇಲ್ಲ. ನಾನು ಆಡಿ ತೋರಿಸಿದ ಡಾಕ್ಟರಿಗೆ ವರ್ಗವಾಗಿ ಎಷ್ಟೋ ಕಾಲವಾಗಿತ್ತಂತೆ. ಕೇಳಿ ನನ್ನ ಕಾಲೂ ಇಕ್ಕುಳವಾಯಿತು.

ಡಾಕ್ಟರು ಮರಿಯ ಮುಂಗಾಲು ಒತ್ತಿ ನೋಡಿ, ಏನೇನು ತಿನ್ನಿಸುತ್ತೀರಿ ಎಂದರು. ದೊಡ್ಡಪ್ಪ ಗೊಟ್ಟದ ಸಮೇತ ಎಲ್ಲವನ್ನೂ ಹೆಮ್ಮೆಯಿಂದ ಒಪ್ಪಿಸಿದರು.

“ಗೌಡ್ರೇ, ದೊಡ್ಡ ಜಾತಿ ನಾಯಿ ನಿಧಾನವಾಗಿ ಬೆಳೀಬೇಕು. ನೀವು ಮೈಯನ್ನ ಓಡಿಸಿಬಿಟ್ರಿ, ಮೂಳೆ ಇನ್ನೂ ಎಳೇದು. ಆ ಭಾರ ತಡೀಲಾರದೆ ಬಗ್ಗಿದೆ. ಬೆಣ್ಣೆ ಬೇಡ, ಮೊಟ್ಟೆ ಬೇಡ, ಸುಣ್ಣವಂತೂ ಬೇಡವೇ ಬೇಡ. ರಾಗಿಗಂಜಿ, ಸೊಪ್ಪು, ಮಜ್ಜಿಗೆ, ಸ್ವಲ್ಪ ಬೇಯಿಸಿದ ಮಾಂಸ. ಅದೂ ಅಳತೆಯಲ್ಲಿ. ಪಕ್ಕೆ ಮೇಲೆ ಕೈಯಾಡಿಸಿದ್ರೆ ಎಲುಬು ಬೆರಳಿಗೆ ಸಿಗಬೇಕು.”

“ಪಕ್ಕೆ ಕಾಣಾ ಪ್ರಾಣಿನಾ ನನ್ ಬಾಗ್ಲಲ್ ಕಟ್ಲಾ?”

“ಕಟ್ಟಿ. ಹೀಗೇ ತಿನ್ನಿಸಿದ್ರೆ ಎದ್ದು ನಿಲ್ಲೋದೇ ಇಲ್ಲ. ಆಮೇಲೆ ಕಟ್ಟೋ ಹಗ್ಗವೂ ನಿಮಗೆ ಉಳಿತಾಯ.”

ದೊಡ್ಡಪ್ಪ ಮರಿಯ ಬಾಗಿದ ಕಾಲನ್ನು ಒಮ್ಮೆ ಸವರಿದರು. ಆಮೇಲೆ ದನಿ ತಗ್ಗಿಸಿ, “ಮಳವಳ್ಳಿಯೋರು ಬಂದೋದ್ ಮ್ಯಾಕೆ ಕಮ್ಮಿ ಮಾಡುದ್ರಾಗಾಕಿಲ್ವಾ?” ಎಂದು ಕೇಳಿದರು.

“ಕಾಲು ಕಾಯಲ್ಲ, ಗೌಡ್ರೇ” ಎಂದರು ಡಾಕ್ಟರು.

ಅವರು ಹೋದ ಮೇಲೆ ನಾನು ಹಿತ್ತಿಲಿನ ಕಡೆ ಜಾರುತ್ತಿದ್ದೆ. “ಬಾರ್ಲಾ ಇಲ್ಲಿ, ಡಾಕ್ಟ್ರೇ” ಎಂದು ದೊಡ್ಡಪ್ಪ ಕೂಗಿದರು. ಹೋಗಿ ನಿಂತು, ತಪ್ಪಾಯಿತು ಎಂದೆ, ನನ್ನದೇ ದನಿಯಲ್ಲಿ. ಅದು ಅವರಿಗೆ ಗುರುತು ಸಿಕ್ಕಿತೋ ಇಲ್ಲವೋ.

“ಆ ಕೆಮ್ಮೋ ಡಾಕ್ಟ್ರು ಊರ್ ಬುಟ್ಟೋಗಿದ್ದು ನಂಗೊತ್ತಿರ್ನಿಲ್ವೇನ್ಲಾ?”

“ಮತ್ತೆ ಅವತ್ತೇ ಯಾಕೆ ಬೈನಿಲ್ಲ ದೊಡ್ಡಪ್ಪ?”

“ನೀನು ನಂಗೆ ಬೇಕಾದ್ದನ್ನೇ ಯೋಳ್ದೆ. ಯಂಗ್ಲಾ ಬೈಯ್ಯದು?”

ಅಷ್ಟೇ. ಆಮೇಲೆ ಆ ಮಾತೆತ್ತಲಿಲ್ಲ. ಮಾರನೆಯ ದಿನದಿಂದ ದೊಡ್ಡಮ್ಮ ಪಾವು ಹಿಡಿದು ಅಳತೆಗೆ ನಿಂತರು. ಮರಿ ಗಂಜಿ ಕುಡಿದು, ತಟ್ಟೆ ನೆಕ್ಕಿ, ತಟ್ಟೆಯನ್ನೇ ಕಚ್ಚಿಕೊಂಡು ಬಂದು ದೊಡ್ಡಪ್ಪನ ಎದುರು ಇಡುತ್ತಿತ್ತು. ಅವರು ಬಲಗೈಯನ್ನು ತೊಡೆಯ ಅಡಿಗೆ ಹಾಕಿ, ಅದರ ಮೇಲೆ ಭಾರ ಬಿಟ್ಟು ಕೂರುತ್ತಿದ್ದರು. ಜೀವಮಾನದಲ್ಲಿ ಆ ಕೈಗೆ ಅಂಥ ಶಿಕ್ಷೆ ಆಗಿರಲಿಲ್ಲ.

ಒಂದು ಸಲ ಮಾತ್ರ ಕೈ ತಪ್ಪಿಸಿಕೊಂಡಿತು. ಊಟ ಮುಗಿಸಿ ಎದ್ದವರ ಮಡಿಲು ಉಬ್ಬಿದ್ದನ್ನು ದೊಡ್ಡಮ್ಮ ಕಂಡರು.

“ಅದೇನದು ಮಡ್ಲಲ್ಲಿ?”

“ಇಟ್ಟು.”

“ಯಾರ್ಗೆ?”

“ನಂಗೇ ಕಣೇ. ಆಮ್ಯಾಕೆ ತಿನ್ನಕೆ.”

“ಅಂಗಾರೆ ಇಲ್ಲೇ ತಿನ್ನಿ, ನಾನೂ ನೋಡ್ತೀನಿ.”

ತುಂಬಿದ ಹೊಟ್ಟೆಯ ಮೇಲೆ, ಸಾರಿಲ್ಲದೆ, ಆ ಮುದ್ದೆಯನ್ನು ದೊಡ್ಡಪ್ಪ ಪೂರ್ತಿ ನುಂಗಿದರು. ನಾಯಿ ಹೊಸ್ತಿಲಲ್ಲಿ ಕೂತು ಒಂದೊಂದು ತುತ್ತನ್ನೂ ಕಣ್ಣಿನಿಂದ ಕಳಿಸಿಕೊಟ್ಟಿತು.

ಊರಿನವರು ಸುಮ್ಮನಿರಲಿಲ್ಲ. “ಟ್ರ್ಯಾಕ್ಟ್ರು ಬಂದ್ ಮ್ಯಾಕೆ ನಾಯ್ಗೂ ಡೀಸಲ್ಲೇನ್ ಗೌಡ್ರೇ?” ಎಂದು ದಾರಿಯಲ್ಲೇ ಕೇಳಿದರು. ಎಲ್ಲರ ಸೊಂಟ ನೋಡಿ ಮಾತಾಡಿದ ಮನುಷ್ಯ ಈಗ ಬೇರೆಯವರ ಕಣ್ಣು ತಪ್ಪಿಸಿ ನಡೆದರು. ಮೈ ಕರಗಿ ಗೆಜ್ಜೆಪಟ್ಟಿ ಸಡಿಲವಾಯಿತು, ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಪಕ್ಕೆಲುಬು ಕಾಣಿಸಿಕೊಂಡಿತು. ಕಾಲು ತೀರಾ ನೆಟ್ಟಗಾಗದಿದ್ದರೂ ಕುಂಯ್‌ಗುಟ್ಟುವುದು ನಿಂತಿತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ತಿಥಿಯ ದಿನ ನೆಂಟರೆಲ್ಲ ಸೇರಿದ್ದಾಗ ದೊಡ್ಡಮ್ಮನೇ, “ಒಂದ್ಸಲ ಅವ್ರಂಗೆ ಮಾತಾಡ್ಲಾ” ಎಂದರು. ಮಾತಾಡಿದೆ. ಕೆಲವರು ನಕ್ಕರು, ಕೆಲವರು ಅತ್ತರು, ಒಬ್ಬರು ಇನ್ನೊಂದ್ಸಲ ಎಂದರು. ನಾಯಿ ಒಂದು ಕಿವಿ ಎತ್ತಿತು, ಬಂದು ನನ್ನ ಕೈ ಮೂಸಿತು, ಹೋಗಿ ಮಲಗಿತು. ಎದುರಿಗಿದ್ದವರಿಗೆ ಬೇಕಾದದ್ದನ್ನು ಅವರಿಗೆ ಬೇಕಾದ ದನಿಯಲ್ಲಿ ಹೇಳುವ ಚಟ ನನಗೆ ಇನ್ನೂ ಇದೆ. ಹೇಳುವ ಮುಂಚೆ ಒಮ್ಮೆ ಉಗುಳು ನುಂಗುತ್ತೇನೆ. ದೊಡ್ಡಪ್ಪನಿಂದ ಆದ ಸುಧಾರಣೆ ಅಷ್ಟು.

ಮಳವಳ್ಳಿಯವರು ಬಂದ ದಿನದ್ದನ್ನು ಹೇಳದಿದ್ದರೆ ಇದು ಮುಗಿಯುವುದಿಲ್ಲ. ಬೆಳಿಗ್ಗೆಯೇ ದೊಡ್ಡಮ್ಮ, “ಇದನ್ನ ಇತ್ತಿಲಲ್ಲಿ ಕಟ್ಬುಡಿ, ಅವ್ರು ಓದ್ ಮ್ಯಾಕೆ ಬುಡವ” ಎಂದರು. ಅಣ್ಣನ ಮುಖವೂ ಅದನ್ನೇ ಹೇಳುತ್ತಿತ್ತು. ದೊಡ್ಡಪ್ಪ ನಾಯಿಯನ್ನು ಎಂದಿನಂತೆ ಬಾಗಿಲ ಮುಂದಿನ ಕಂಬಕ್ಕೇ ಕಟ್ಟಿ, ಪಕ್ಕದಲ್ಲಿ ಕೂತರು.

ಹೆಣ್ಣಿನ ತಂದೆ ನಾಲ್ಕಾರು ಜನರನ್ನು ಕರೆದುಕೊಂಡು ಬಂದರು. ಕೈಕಾಲು ತೊಳೆದರು, ಖಾಲಿ ಕೊಟ್ಟಿಗೆ ನೋಡಿದರು, ಟ್ರ್ಯಾಕ್ಟರ್ ನೋಡಿದರು, ಕೊನೆಗೆ ನಾಯಿಯ ಮುಂದೆ ನಿಂತರು. ನಿಂತವರು ಜಗಲಿ ಹತ್ತಲಿಲ್ಲ.

“ಅಲ್ಲ ಗೌಡ್ರೇ, ನಿಮ್ ಎತ್ತಿನ್ ಇಸ್ಯ ನಮ್ಮೂರ್ಗಂಟ ಕೇಳಿದ್ದೊ. ಈ ಪಾಟಿ ಎತ್ರದ್ ನಾಯ್ನ ಪಕ್ಕೆ ಎಣ್ಸಂಗೆ ಮಡಗಿದ್ದೀರಲ್ಲ. ಇಕ್ಕಾಕೆ ಮನೇಲಿ ರಾಗಿ ಇಲ್ವಾ?”

ಜೊತೆಗೆ ಬಂದವರು ನಕ್ಕರು. ಕಾಫಿ ತಟ್ಟೆ ಹಿಡಿದ ದೊಡ್ಡಮ್ಮ ಬಾಗಿಲಲ್ಲೇ ನಿಂತರು. ಏನಾದರೂ ಹೇಳಿ ನಗಿಸಿ ಪಾರುಮಾಡೋಣವೆಂದು ನಾನು ಬಾಯಿ ತೆರೆದೆ, ಯಾರ ದನಿಯೂ ಬರಲಿಲ್ಲ. ಆಮೇಲೆ ಅವರು ಜಗಲಿ ಹತ್ತಿ ಕೂತರು, ಕಾಫಿ ಕುಡಿದರು, ಎಲೆಯಡಿಕೆ ಹಾಕಿಕೊಂಡು ತಾವಾಗಿಯೇ ಲಗ್ನದ ಮಾತೆತ್ತಿದರು. ಅದಕ್ಕೆಲ್ಲ ಮುಂಚೆ ದೊಡ್ಡಪ್ಪ ಕೂತಲ್ಲಿಂದ ಏಳದೆ, ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಹೇಳಿದ್ದು ಇಷ್ಟು:

“ಇಕ್ಕಾಕೆ ಅಗೇವು ತುಂಬ ರಾಗಿ ಐತೆ, ಗೌಡ್ರೇ. ಮೈ ಒರಾಕೆ ಅದ್ಕಿರಾದು ನಾಕೇ ಕಾಲು.”