ಹೆಬ್ಬೆರಳು ತೆಗೀಬ್ಯಾಡ

ಬೆಟ್ಟದಪುರದ ಕಡೆಯ ನೀಲಾಂಬಿಕೆಗೆ ಹೆದರಲು ಕಾರಣವೇ ಬೇಕಿರಲಿಲ್ಲ. ಗ್ಯಾಸ್ ಒಲೆ ಹಚ್ಚುವಾಗ ಮುಖ ಅತ್ತ ತಿರುಗಿಸಿಕೊಂಡೇ ಹಚ್ಚುವಳು. ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟೇ ಆಗಬೇಕು, ಅವನೇನಾದರೂ ತೂಕಡಿಸಿದರೆ ಕೂಗಿ ಎಬ್ಬಿಸಲು. ಸ್ಕೂಟರಿನ ಹಿಂದೆ ಕೂತರೆ ಮೋರಿ ಬಂದಲ್ಲೆಲ್ಲ ಇಳಿದು, ನಡೆದು ದಾಟಿ, ಮತ್ತೆ ಹತ್ತುವಳು. "ಉಟ್ಟುವಾಗ ಎದರ್ಕೊಂಡು ಅತ್ತೋಳು, ಇನ್ನೂ ನಿಲ್ಸಿಲ್ಲ ಕಣ್ರೀ" ಎಂದು ಗಂಡ ಸಿದ್ದಮಲ್ಲಪ್ಪ ಕಂಡಕಂಡವರ ಮುಂದೆ ಆಡಿಕೊಳ್ಳುತ್ತಿದ್ದ. ಆಡಿಕೊಳ್ಳಲಿ, ಅವನಿಗೇನು. ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ, ಬ್ಯಾರನ್ನು, ಆ ಸುತ್ತಿನಲ್ಲಿ ಯಾರ್ಯಾರದೋ ಹೊತ್ತಿ ಉರಿದಿತ್ತು, ಇವರದ್ದು ಒಮ್ಮೆಯೂ ಉರಿದಿರಲಿಲ್ಲ. ಗೋಡೆಯಲ್ಲಿ ಕೂರಿಸಿದ ಅಂಗೈಯಗಲದ ಗಾಜಿಗೆ ಕಣ್ಣಿಟ್ಟು, ಒಳಗಿನ ಶಾಖ ಏರಿತೋ ಇಳಿಯಿತೋ ಎಂದು ಕಾಯುತ್ತಿದ್ದವಳು ಈ ಪುಕ್ಕಲಿಯೇ.

ಸಿದ್ದಮಲ್ಲಪ್ಪನ ಸೊಂಟ ಮುರಿದದ್ದೂ ಅದೇ ಬ್ಯಾರನ್ನಿನಲ್ಲಿ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿನ ಅಟ್ಟಣೆಗೆ ಏರಿಸುವಾಗ ಕಾಲು ಜಾರಿ ಬಿದ್ದಿದ್ದ. ಆಮೇಲೆ ಕೋಲಿಲ್ಲದೆ ಹೆಜ್ಜೆ ಇಡಲಾಗದು, ಬದು ದಾಟಲಾಗದು. ಮನೆಯೋ ಹೊಲದ ನಡುವೆ. ಹೊಲ ನೋಡದೆ ಅವನಿಗೆ ಉಂಡದ್ದು ಮೈಗೆ ಹತ್ತದು. ಕೋಟೆ ಕಡೆಯ ರೆಸಾರ್ಟೊಂದರಲ್ಲಿ ಬಂದ ಅತಿಥಿಗಳನ್ನೆಲ್ಲ ಹೊತ್ತು ಸವೆದ ನಾಲ್ಕು ಚಕ್ರದ ಬೈಕೊಂದನ್ನು ಮಾರುತ್ತಾರೆಂದು ಕೇಳಿ, ಹೋಗಿ ತಂದೇಬಿಟ್ಟ. ಕುಂಬಳಕಾಯಿಯಂಥ ಟೈರು, ಬೈಕಿನಂಥದೇ ಹ್ಯಾಂಡಲ್ಲು, ಹಿಂದೆ ಹೊರೆ ಕಟ್ಟಲು ಕ್ಯಾರಿಯರ್ರು. ಕೆಸರಿರಲಿ, ಉತ್ತ ಹೊಲವಿರಲಿ, ನುಗ್ಗಿಕೊಂಡು ಹೋಗುತ್ತದೆ. ಅದಕ್ಕೆ ಮನಸ್ಸು ಬಂದರೆ ಮಾತ್ರ.

ಹುಣಸೂರಿನ ಮೆಕ್ಯಾನಿಕ್ ಅದನ್ನು ನೋಡಿ ಕೈಮುಗಿದ. ಸರಿ, ರಿಪೇರಿಯೆಲ್ಲ ಮನೆಯಲ್ಲೇ ಶುರುವಾಯಿತು. ಮಳೆಗಾಲ, ಹೊರಗೆ ಬಿಚ್ಚಿ ಹರಡುವ ಹಾಗಿಲ್ಲ. ಬ್ಯಾರನ್ನು ಹೇಗೂ ಖಾಲಿ, ಹೊಗೆ ಕೊಳವೆಗಳನ್ನೂ ಕೆರೆದು ಬಳಿಯಲೆಂದು ಹೊರಗಿಟ್ಟಿತ್ತು. ಬೈಕನ್ನು ಅಲ್ಲಿಗೆ ನೂಕಿದರು. ನೀಲಾಂಬಿಕೆಯ ಸಾರಿನ ಪಾತ್ರೆ ಕಾರ್ಬೊರೇಟರ್ ತೊಳೆಯಲು ಹೋಯಿತು, ಹಲ್ಲುಜ್ಜುವ ಬ್ರಷ್ಷು ಚೈನು ಉಜ್ಜಲು ಹೋಯಿತು. ಗಾಳಿ ಸೋಸುವ ಸ್ಪಂಜನ್ನು ಅವಳೇ ಸೋಪಿನ ಪುಡಿಯಲ್ಲಿ ಹಿಂಡಿ ಒಣಗಿಸಿದಳು. ಬ್ರೇಕಾಯಿತು, ಪ್ಲಗ್ಗಾಯಿತು. ಒಂದು ರೋಗ ಮಾತ್ರ ಬಿಡಲಿಲ್ಲ. ಅದರ ಆಕ್ಸಿಲರೇಟರ್ ಬಲಗೈ ಹೆಬ್ಬೆರಳಲ್ಲಿ ಒತ್ತುವಂಥದು. ಒತ್ತಿರುವಷ್ಟು ಹೊತ್ತು ಎಂಜಿನ್ ಓಡುತ್ತದೆ, ಬೆರಳು ಎತ್ತಿದರೆ ಸಾಯುತ್ತದೆ. ಸತ್ತರೆ ಮತ್ತೆ ಸ್ಟಾರ್ಟ್ ಆಗಲು ಅರ್ಧ ದಿನ ಮುನಿಸು. ಹಾಗಾಗಿ ದಿನವೂ ಅವಳು ಅದರ ಮೇಲೆ ಕೂತು ಲಿವರ್ ಒತ್ತಬೇಕು, ಅವನು ಕೆಳಗೆ ಕೂತು ಸ್ಕ್ರೂ ತಿರುಗಿಸಬೇಕು.

"ಎಬ್ಬೆಳ್ಳು ತೆಗೀಬ್ಯಾಡ ಕಣೆ, ನೀಲಾ" ಎನ್ನುವುದು ಅವನ ಜಪ. "ಶಿವನೇ, ಇದು ಹಾರಿಬಿದ್ದರೆ ಏನ್ರೀ ಗತಿ" ಎನ್ನುವುದು ಅವಳದ್ದು.

ಆಷಾಢದ ಆ ಬೆಳಿಗ್ಗೆ ಅದು ಹಾರಿಯೇಬಿಟ್ಟಿತು. ಕೂತಲ್ಲೇ ಅವಳ ಎಡಗಾಲು ತಪ್ಪಿ ಗೇರಿನ ಪೆಡಲ್ಲಿನ ಮುಂತುದಿಯನ್ನು ತುಳಿದಿತ್ತು. ಬೈಕು ಮುಂದಕ್ಕೆ ಚಂಗನೆ ಜಿಗಿದು ಬಾಗಿಲ ಪಕ್ಕದ ಗೋಡೆಗೆ ಗುದ್ದಿ ನಿಂತಿತು. ನೀಲಾಂಬಿಕೆ ಇಳಿದವಳೇ ಸೆರಗು ಕೊಡವಿಕೊಂಡಳು.

"ಇನ್ನು ನಮ್ಮಪ್ಪ ಬಂದು ಏಳಿದ್ರೂ ನಾನು ಇದರ ಮೇಲೆ ಕೂರಲ್ಲ. ನೀವುಂಟು, ನಿಮ್ಮ ಗಾಡಿಯುಂಟು."

"ಓಗ್ಲಿ ಬುಡು, ನೀನಿಲ್ದಿದ್ರೆ ಕೆಲಸ ನಿಂತೋಗಲ್ಲ" ಎಂದ ಅವನು.

ಅವಳು ಅಡಿಗೆಮನೆ ಸೇರಿದಳು. ಮಳೆ ಜಡಿಯತೊಡಗಿತು. ಎರಚಲು ಹೊಡೆಯುತ್ತದೆಂದು ಅವನು ಬ್ಯಾರನ್ನಿನ ಬಾಗಿಲು ಮುಚ್ಚಿ ಒಳಗಿಂದ ಕಲ್ಲು ಒತ್ತಿಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಸದ್ದು ಕೇಳಿತು. ನಾನಿಲ್ಲದೆಯೂ ನಡೆಯಿತಲ್ಲ ಎಂದು ಅವಳಿಗೆ ಉರಿದುಹೋಯಿತು. ಮುದ್ದೆ ತಿರುವಿ, ಸೊಪ್ಪಿನ ಸಾರು ಇಳಿಸಿದಳು. ಸದ್ದು ಹಾಗೇ ಇತ್ತು. ಏರಲಿಲ್ಲ, ಇಳಿಯಲಿಲ್ಲ. ಸ್ಕ್ರೂ ಮುಟ್ಟದೆ ಒಂದು ಗಳಿಗೆ ಸುಮ್ಮನಿರುವ ಜೀವವಲ್ಲ ಗಂಡನದು. ಹಾಗಿದ್ದ ಮೇಲೆ ಇದು ಯಾಕೆ ಹೀಗೆ ಒಂದೇ ರಾಗ ಎಳೆಯುತ್ತಿದೆ?

ಮಳೆಯಲ್ಲೇ ಓಡಿದಳು. ಅಭ್ಯಾಸಬಲ, ಮೊದಲು ಗಾಜಿಗೆ ಕಣ್ಣಿಟ್ಟಳು. ಒಳಗೆಲ್ಲ ನೀಲಿ ಹೊಗೆ. ಬಲ್ಬಿನ ಬೆಳಕಲ್ಲಿ ಅವನ ಎರಡು ಕಾಲು ನೆಲದ ಮೇಲೆ ಚಾಚಿಕೊಂಡಿದ್ದವು.

ಕಳೆದ ವಾರವಷ್ಟೇ ಅವಳು ಆ ಗೋಡೆಯ ಬಿರುಕುಗಳಿಗೆಲ್ಲ ಮಣ್ಣು ಮೆತ್ತಿದ್ದಳು. ಮೇಲಿನ, ಕೆಳಗಿನ ಗಾಳಿಗಂಡಿಗಳನ್ನೆಲ್ಲ ಬಿಗಿಮಾಡಿದ್ದಳು. ಶಾಖ ಸೋರಿದರೆ ಸೊಪ್ಪು ಕೆಡುತ್ತದೆಂದು ವರ್ಷವರ್ಷವೂ ಮಾಡುವ ಕೆಲಸ. ಇರುವೆಯ ಉಸಿರೂ ಹೊರಗೆ ಹೋಗದ ಹಾಗೆ ಮಾಡಿದ್ದೇನೆಂದು ಜಂಬವನ್ನೂ ಪಟ್ಟಿದ್ದಳು. ಜಗತ್ತಿನಲ್ಲಿರುವ ಎಲ್ಲದಕ್ಕೂ ಹೆದರಿದವಳು ಇದೊಂದಕ್ಕೆ ಹೆದರುವುದನ್ನು ಮರೆತಿದ್ದಳು.

ಭುಜ ಕೊಟ್ಟು ಬಾಗಿಲು ನೂಕಿದಳು. ಕಲ್ಲು ಜರುಗಿತು. ಉಸಿರು ಬಿಗಿಹಿಡಿದು ನುಗ್ಗಿ, ಕಂಕುಳಿಗೆ ಕೈಹಾಕಿ ಅವನನ್ನು ಮಳೆಗೆ ಎಳೆದು ತಂದಳು. ಎದೆ ಏರಿಳಿಯುತ್ತಿತ್ತು, ಕಣ್ಣು ತೆರೆಯಲಿಲ್ಲ. ಎಷ್ಟು ಕರೆದರೂ ಓಗೊಡಲಿಲ್ಲ. ಅವಳ ಕೂಗಿಗೆ ಪಕ್ಕದ ಹೊಲದ ಮುದ್ದಯ್ಯ ಓಡಿಬಂದು ಆಂಬುಲೆನ್ಸಿಗೆ ಫೋನು ಹಚ್ಚಿದ.

"ಟಾರು ರಸ್ತೆಗಂಟ ಬತ್ತದಂತೆ ಅಕ್ಕಾ, ಅದೂ ತಡ ಆಯ್ತದಂತೆ. ಈ ಕೆಸರಿಗೆ ಯಾವ ಗಾಡಿ ಇಳೀತದೆ?"

ಇಳಿಯುವ ಗಾಡಿ ಒಂದಿತ್ತು. ಬ್ಯಾರನ್ನೊಳಗೆ ಇನ್ನೂ ಓಡುತ್ತಲೇ ಇತ್ತು.

"ಓಡಿಸ್ತೀಯಾ?" ಎಂದಳು.

"ಅಯ್ಯೋ, ನಂಗೆ ಸೈಕಲ್ಲೇ ಬರಲ್ಲ ಕಣಕ್ಕ."

ಮುದ್ದಯ್ಯ ಬಾಯಿಗೆ ಟವಲು ಸುತ್ತಿಕೊಂಡು ಬೈಕನ್ನು ಈಚೆಗೆ ಎಳೆದ. ಆಗ ಅವಳಿಗೆ ಕಂಡಿತು. ಅವಳ ಹೆಬ್ಬೆರಳು ಇರಬೇಕಾದಲ್ಲಿ, ಸೊಪ್ಪು ಕಟ್ಟುವ ದಾರದಿಂದ ಲಿವರನ್ನು ಬಿಗಿದು ಕಟ್ಟಿದ್ದ. ನಾನು ಕೂತಿದ್ದರೆ ಹೀಗಾಗುತ್ತಿತ್ತೇ ಎಂದುಕೊಂಡಳು. ಕೂತಿದ್ದರೆ ಇಬ್ಬರೂ ಹೋಗುತ್ತಿದ್ದೆವು ಎಂಬುದೂ ಹೊಳೆಯಿತು. ಅಳುವ ಹೊತ್ತಾಗಿರಲಿಲ್ಲ.

ಇಬ್ಬರೂ ಸೇರಿ ಸಿದ್ದಮಲ್ಲಪ್ಪನನ್ನು ಎತ್ತಿ ಕೂರಿಸಿದರು. ಹಿಂದೆ ಕ್ಯಾರಿಯರ್ ಮೇಲೆ ಮುದ್ದಯ್ಯ ಕೂತು ಅವನನ್ನು ತಬ್ಬಿ ಹಿಡಿದ. ಮುಂದೆ ನೀಲಾಂಬಿಕೆ. ಮೊದಲು ಹೆಬ್ಬೆರಳನ್ನು ಲಿವರಿನ ಮೇಲೆ ಊರಿದಳು, ಆಮೇಲೆ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು. ಬೆಳಿಗ್ಗೆ ತಪ್ಪಿ ತುಳಿದ ಪೆಡಲನ್ನು ಈಗ ಬೇಕೆಂದೇ ತುಳಿದಳು. ಬೈಕು ಜಿಗಿಯಿತು.

ಬೆಟ್ಟದ ದೇವರು ಮಲ್ಲಯ್ಯನನ್ನು ಕೂಗಿದಳೋ, ಗಂಡನನ್ನು ಬೈದಳೋ, ಮುದ್ದಯ್ಯನಿಗೂ ನೆನಪಿಲ್ಲ. ಕೆಸರು ಮುಖಕ್ಕೆ ಎರಚುತ್ತಿತ್ತು. ಹಳ್ಳದ ಮೋರಿ ಬಂತು, ಅದರ ಮೇಲೆ ನೀರು ಹರಿಯುತ್ತಿತ್ತು. ಇಳಿದು ನಡೆಯುವ ಮಾತೇ ಇಲ್ಲ. ಹೆದರಿಕೆಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಹೆಬ್ಬೆರಳು ಮಾತ್ರ ಕದಲಲಿಲ್ಲ. ಬೆನ್ನಿಗೆ ಒರಗಿದ ಅವನ ತಲೆ ಕಲ್ಲಿನಷ್ಟು ಭಾರವಿತ್ತು.

ಟಾರು ರಸ್ತೆ ಸಿಕ್ಕರೂ ಆಂಬುಲೆನ್ಸಿಗೆ ಕಾಯದೆ ಸೀದಾ ಬೆಟ್ಟದಪುರದ ಆಸ್ಪತ್ರೆಗೆ ಬಂದಳು. ಗೇಟಿನಲ್ಲಿ ಬ್ರೇಕ್ ಹಿಡಿದು, ಅವನು ಹೇಳಿಕೊಟ್ಟಿದ್ದಂತೆ ಹಿಮ್ಮಡಿಯಲ್ಲಿ ಪೆಡಲೊತ್ತಿ ಗೇರು ಬಿಡಿಸಿದಳು. ಅವನನ್ನು ಎತ್ತಿಕೊಂಡು ಹೋಗಿ ಆಕ್ಸಿಜನ್ ಹಾಕಿದರು. ಅವಳು ಮಾತ್ರ ಇಳಿಯಲಿಲ್ಲ.

"ಬಂದ್ ಮಾಡಿ ಒಳಕ್ಕೆ ಬನ್ನಿ, ಅಮ್ಮ" ಎಂದಳು ನರ್ಸು.

"ಇಲ್ಲ ಕಣವ್ವ. ಬೆರಳು ತೆಗೆದ್ರೆ ಇದು ನಿಂತೋಯ್ತದೆ. ಮುಂದಕ್ಕೆ ಕರ್ಕೊಂಡೋಗಿ ಅಂದ್ರೆ ನಾನೇನು ಮಾಡ್ಲಿ?"

ಆಂಬುಲೆನ್ಸಿದೆ ಎಂದು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಈ ಎಂಜಿನ್ ನಿಂತರೆ ಒಳಗಿನ ಆ ಉಸಿರೂ ನಿಲ್ಲುತ್ತದೆ ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮಳೆಯಲ್ಲಿ ನೆನೆಯುತ್ತ, ಬೆರಳು ಮರಗಟ್ಟುವವರೆಗೂ ಒತ್ತಿಕೊಂಡೇ ಕೂತಳು.

ಬಹಳ ಹೊತ್ತಿನ ಮೇಲೆ ಮುದ್ದಯ್ಯ ಕಣ್ಣೊರೆಸಿಕೊಳ್ಳುತ್ತ ಈಚೆಗೆ ಬಂದ. ಅವಳು ಲಿವರನ್ನು ಇನ್ನೂ ಬಿಗಿಯಾಗಿ ಒತ್ತಿದಳು.

"ಅಕ್ಕಾ, ಅಣ್ಣ ಕಣ್ಣು ಬುಟ್ಟ. ಅದ್ಯಾವನು ಅಂಗೆ ಗಾಡಿ ಒದರಿಸ್ತಾವ್ನೆ, ಬೆಳ್ಳು ತೆಗಿಯಕ್ಕೇಳು ಅಂತಾವ್ನೆ."

ನೀಲಾಂಬಿಕೆ ಮೆಲ್ಲಗೆ ಹೆಬ್ಬೆರಳೆತ್ತಿದಳು.

ಎಂಜಿನ್ ಸಾಯಲಿಲ್ಲ. ದನಿ ತಗ್ಗಿಸಿಕೊಂಡು, ತನ್ನ ಪಾಡಿಗೆ ತಾನು ಹದವಾಗಿ ಓಡುತ್ತ ನಿಂತಿತು. ಬೀಳುವ ಮುಂಚೆ ಅವನು ಅದನ್ನು ಸರಿಮಾಡಿ ಮುಗಿಸಿದ್ದ.

ಅಷ್ಟು ಹೊತ್ತು ತಡೆದಿದ್ದ ನಡುಕವೆಲ್ಲ ಆಗ ಬಂತು. ಕೀಲಿ ತಿರುಗಿಸಲು ಅವಳಿಂದ ಆಗಲಿಲ್ಲ, ಮುದ್ದಯ್ಯನೇ ತಿರುಗಿಸಿದ.