ಚಕ್ರೇಶ್ವರಿಯ ಮೊದಲ ಬಾಡಿಗೆ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಯಶೋಧರನ ಲ್ಯಾಂಡ್‌ಮಾಸ್ಟರ್ ಕಾರು ನಿಲ್ಲುತ್ತಿದ್ದ ಕಾಲದಲ್ಲಿ ಅದಕ್ಕೆ ಬಿಡುವೇ ಇರಲಿಲ್ಲ. ಮದುವೆಯ ದಿಬ್ಬಣದವರು, ಬೆಳ್ಗೊಳಕ್ಕೆ ಬಂದ ಯಾತ್ರಿಕರು, ಹಾಸನದ ಆಸ್ಪತ್ರೆಗೆ ಹೊರಟ ಬಸುರಿಯರು, ಎಲ್ಲರಿಗೂ ಅದೇ ಕಾರು ಬೇಕು. ಆದರೆ ಅರವತ್ತೊಂದರ ಮಳೆಗಾಲದಲ್ಲಿ ಯಶೋಧರ ಒಡೆದ ಹೆಂಚು ಬದಲಿಸಲು ಮಾಡು ಹತ್ತಿದವನು ಜಾರಿ ಬಿದ್ದ. ಬಲಗಾಲಿನ ಮೂಳೆ ಕೂಡಿಕೊಂಡಿತು, ಪಾದ ಮಾತ್ರ ಹಿಡಿತಕ್ಕೆ ಬರಲಿಲ್ಲ. ಕೋಲೂರಿಕೊಂಡು ಬಸದಿಯವರೆಗೆ ಹೋಗಿಬರುತ್ತಿದ್ದ. ಬ್ರೇಕು ಒತ್ತುವ ಮಾತು ದೂರವೇ ಉಳಿಯಿತು.

ಕಾರು ಹಿತ್ತಿಲಿನ ಚಪ್ಪರದ ಕೆಳಗೆ ಸೇರಿತು. ಪಕ್ಕದ ಮನೆಯ ಕೋಳಿಯೊಂದು ತೆರೆದ ಕಿಟಕಿಯಿಂದ ಒಳಗೆ ಹಾರಿ ಹಿಂದಿನ ಸೀಟಿನ ಮೇಲೆ ಮೊಟ್ಟೆಯಿಟ್ಟಿತು. ಜೈನರ ಕಾರಿನಲ್ಲಿ ಮೊಟ್ಟೆ! ಬೀದಿಯವರಿಗೆ ನಗಲು ಅಷ್ಟೇ ಸಾಕಾಯಿತು. ಯಶೋಧರನ ಹೆಂಡತಿ ಚಕ್ರೇಶ್ವರಿಗೆ ನಗು ಬರಲಿಲ್ಲ. ಕೋಳಿಯ ಒಡತಿಯನ್ನೇ ಕರೆದು ಮೊಟ್ಟೆ ತೆಗೆಸಿ, ಸೀಟನ್ನು ಸೀಗೆಪುಡಿ ಹಾಕಿ ತಿಕ್ಕಿದಳು. ಗಂಡ ಜಗಲಿಯ ಮೇಲೆ ಕೂತು, ಹಿತ್ತಿಲ ಕಡೆ ತಿರುಗಿಯೂ ನೋಡದೆ, "ಮಾರ್ಬುಡಣ ಕಣೇ. ನಿಂತ ಗಾಡಿ ತುಕ್ಕು ಇಡಿತದೆ" ಅಂದ.

"ಮಾರೋದು ಆಮ್ಯಾಕೆ ನೋಡಣ. ಮೊದ್ಲು ನಂಗೆ ಓಡ್ಸೋದು ಯೋಳ್ಕೊಡಿ."

ಯಶೋಧರ ಇದನ್ನು ತಮಾಷೆಯೆಂದೇ ತಿಳಿದ. ಮಾರನೆಯ ದಿನ ಬೆಳಿಗ್ಗೆ ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದು ಕಾರಿನ ಮುಂದೆ ನಿಂತಾಗ ಅವನು ಕೋಲು ಹುಡುಕಿಕೊಂಡು ಎದ್ದ.

ಸಂತೆಯಿಲ್ಲದ ದಿನಗಳಲ್ಲಿ ತೆಂಗಿನಕಾಯಿ ಮಂಡಿಯ ಅಂಗಳ ಖಾಲಿ ಇರುತ್ತಿತ್ತು. ಪಕ್ಕದ ಮನೆಯವರು ಕಾರನ್ನು ಅಲ್ಲಿಗೆ ತಳ್ಳಿಕೊಟ್ಟರು. ಯಶೋಧರ ಒಂದು ಕಲ್ಲಿನ ಮೇಲೆ ಕೂತು, ಕೋಲನ್ನು ಆಡಿಸುತ್ತ ಕೂಗುತ್ತಿದ್ದ: "ಕ್ಲಚ್ಚು! ಕ್ಲಚ್ಚು ಬುಡು! ಅಂಗಲ್ಲ, ಮೆತ್ತಗೆ!" ಕಾರು ಕಪ್ಪೆಯ ಹಾಗೆ ನೆಗೆನೆಗೆದು ನಿಲ್ಲುತ್ತಿತ್ತು. ಒಂದು ದಿನ ಬ್ರೇಕೆಂದು ಬೇರೇನನ್ನೋ ಒತ್ತಿ ಸೀದಾ ಕಾಯಿಸಿಪ್ಪೆಯ ರಾಶಿಗೆ ನುಗ್ಗಿಸಿದಳು. ತಲೆಯ ತುಂಬ ನಾರು ಹೊತ್ತು ಅವಳು ಬಾಗಿಲು ತೆರೆದು ಇಳಿದಾಗ ಯಶೋಧರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಾಡಿನಿಂದ ಬಿದ್ದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಚಕ್ರೇಶ್ವರಿ ಕೂದಲಿನ ನಾರನ್ನು ಕೊಡವಿಕೊಳ್ಳದೆ ಅವನನ್ನೇ ನೋಡುತ್ತ ನಿಂತಳು. ಊರು ಏನೇ ಅನ್ನಲಿ, ಇದನ್ನು ಕಲಿತೇ ತೀರಬೇಕು ಎಂದು ಅವಳಿಗೆ ಗಟ್ಟಿಯಾಗಿದ್ದು ಆ ಗಳಿಗೆಯಲ್ಲಿ.

ಹಾಸನದಲ್ಲಿ ಲೈಸೆನ್ಸ್ ಕೊಡುವ ಅಧಿಕಾರಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಡ್ರೈವರ್ ಎಲ್ಲಮ್ಮ?" ಎಂದು ಕೇಳಿದರು.

"ನಾನೇ ಸಾ."

ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಗೂಟಕ್ಕೆ ತಾಗಿಸಿ ಸೋತು ಬಂದಳು. ಎರಡನೆಯ ಸಲ ತಾಗಲಿಲ್ಲ.

ಲೈಸೆನ್ಸೇನೋ ಸಿಕ್ಕಿತು, ಬಾಡಿಗೆ ಸಿಗಲಿಲ್ಲ. ಅವಳು ಕಾರನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮೊರ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಜನ ಹತ್ತಿರ ಬಂದು, ಒಳಗೆ ಇಣುಕಿ, ಇನ್ನೊಂದು ಕಾರಿನತ್ತ ಹೋಗಿಬಿಡುತ್ತಿದ್ದರು. "ಈವಮ್ಮನ ಕೈಗೆ ಜೀವ ಕೊಡಕ್ಕಾಯ್ತದಾ?" ಎಂದು ಒಬ್ಬ ಅವಳಿಗೆ ಕೇಳುವಂತೆಯೇ ಅಂದ. ಆ ದಿನ ಅವಳು ಅವರೆಕಾಯಿ ಅರ್ಧಕ್ಕೇ ಬಿಟ್ಟು ಕಾರನ್ನು ಮನೆಗೆ ತಂದಳು.

ಬಾಡಿಗೆ ಬಂದದ್ದು ಅವಳು ನೆನೆಸದ ಕಡೆಯಿಂದ. ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯನವರ ಹೆಂಡತಿ ಪ್ರೇಮಕುಮಾರಿ ಒಂದು ಸಂಜೆ ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ನಮ್ಮತ್ತೇನ ಕೊರವಂಗಲಕ್ಕೆ ಕರ್ಕೊಂಡು ಓಗ್ತೀರಾ? ಒಂದು ಒಪ್ಪತ್ತು. ಬೂಚೇಶ್ವರನ ಗುಡಿ ನೋಡ್ಬೇಕು ಅಂತ ನಾನು ಮದ್ವೆಯಾಗಿ ಬಂದಾಗ್ಲಿಂದ ಯೋಳ್ತಾವ್ರೆ. ಗುರುತಿಲ್ಲದ ಗಂಡಸಿನ ಕಾರಲ್ಲಿ ಎಂಗಸ್ರು ಓಗೋದು ಬ್ಯಾಡ ಅಂತಾರೆ ನಮ್ಮನೆಯವ್ರು. ಅವ್ರಿಗೆ ಅಂಗಡಿ ಬುಟ್ಟು ಬರಕ್ಕಾಗಲ್ಲ. ಈಗ ಓಡ್ಸೋರು ನೀವು. ಏನಂತಾರೆ ನೋಡಣ!"

ಪಂಚಾಕ್ಷರಯ್ಯನವರು ಒಪ್ಪಲೇಬೇಕಾಯಿತು. "ಮಧ್ಯಾಹ್ನದ ಊಟಕ್ಕೆ ಮನೇಲಿರ್ಬೇಕು" ಎಂಬ ಒಂದೇ ಕರಾರು ಹಾಕಿದರು.

ಚಿತ್ತೆ ಮಳೆ ಮುಗಿದು ಆಕಾಶ ತೊಳೆದಿಟ್ಟಂತಿದ್ದ ಬೆಳಿಗ್ಗೆ ಅವರು ಹೊರಟರು. ಪಂಚಾಕ್ಷರಯ್ಯನವರ ತಾಯಿ ಗುರುಸಿದ್ದಮ್ಮ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ತಲೆ ತುಂಬ ಸೆರಗು ಹೊದ್ದು ಹಿಂದಿನ ಸೀಟಿನ ಮೂಲೆಯಲ್ಲಿ ಮುದುರಿ ಕೂತಿದ್ದರು. ಪಕ್ಕದಲ್ಲಿ ಸೊಸೆ. ಊರಿನ ಕೊನೆಯ ಅಂಗಡಿ ದಾಟುವವರೆಗೂ ಚಕ್ರೇಶ್ವರಿಯ ಬೆನ್ನು ನೆಟ್ಟಗೇ ಇತ್ತು. ಎಲ್ಲರ ಕಣ್ಣೂ ತನ್ನ ಕೈಯ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು. ಶಾಂತಿಗ್ರಾಮದ ಹತ್ತಿರ ಹಿಂದಿನಿಂದ ದನಿ ಬಂತು.

"ಮಗಾ, ಈ ಗಾಜು ಇಳಿಸಕ್ಕಾಯ್ತದಾ?"

ಗಾಜು ಇಳಿಯಿತು, ಸೆರಗೂ ಇಳಿಯಿತು. ಅಲ್ಲಿಂದ ಮುಂದೆ ಅಜ್ಜಿಯ ಪ್ರಶ್ನೆಗಳು ನಿಲ್ಲಲಿಲ್ಲ. ಅದ್ಯಾವ ಕೆರೆ, ಅದ್ಯಾರ ತ್ವಾಟ, ಆ ಬೆಟ್ಟದ ಆಚೆ ಏನದೆ? ಗೊತ್ತಿದ್ದುದನ್ನು ಚಕ್ರೇಶ್ವರಿ ಹೇಳಿದಳು. ಗೊತ್ತಿಲ್ಲದ ಕಡೆ, "ನಾನೂ ಇವತ್ತೇ ನೋಡ್ತಿರೋದು ಕಣಮ್ಮಾ" ಅಂದಳು. ಅದು ಅಜ್ಜಿಗೆ ಇನ್ನೂ ಹಿಡಿಸಿತು.

ಹಾಸನ ದಾಟಿ ಕೊರವಂಗಲದ ಹಾದಿಗೆ ತಿರುಗಿದ ಮೇಲೆ ಕಾರಿನ ಹಿಂಚಕ್ರ ಗಾಡಿಜಾಡಿನ ಕೆಸರಿನಲ್ಲಿ ಹೂತಿತು. ಚಕ್ರೇಶ್ವರಿ ಗೇರು ಬದಲಿಸಿ ಒತ್ತಿದಷ್ಟೂ ಚಕ್ರ ಇನ್ನಷ್ಟು ಇಳಿಯಿತು. ಮೊದಲ ಬಾಡಿಗೆಯಲ್ಲೇ ಹೀಗಾದರೆ ಮುಗಿಯಿತು ಕತೆ. ಅಷ್ಟರಲ್ಲಿ ಪಕ್ಕದ ಮೆಣಸಿನ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬದುವಿಗೆ ಬಂದು ನಿಂತರು. ಅವರ ಮುಂದಾಳು ಮಾದಮ್ಮ ಎಂಬ ಎತ್ತರದ ಹೆಂಗಸು ಕಾರಿನೊಳಕ್ಕೆ ಬಗ್ಗಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ, ಗಂಡಸ್ರೇ ಇಲ್ವಲ್ಲೇ ಇದ್ರೊಳಗೆ! ಬರ್ರೇ, ತಳ್ಳಣ!"

ಹೊಂಗೆ ಸೊಪ್ಪು ಮುರಿದು ತಂದು ಚಕ್ರದ ಕೆಳಗೆ ಹಾಸಿದರು. ಎಲ್ಲರೂ ಸೇರಿ ಹೆಗಲು ಕೊಟ್ಟರು. ಕಾರು ಒಮ್ಮೆ ಕೆನೆದು, ಎಲ್ಲರ ಮೇಲೂ ಕೆಸರು ಎರಚಿ, ಗಟ್ಟಿ ನೆಲಕ್ಕೆ ಹತ್ತಿತು. ಚಕ್ರೇಶ್ವರಿ ಇಳಿದು ಕೈಮುಗಿದಳು. ಮಾದಮ್ಮ ಮುಖದ ಕೆಸರು ಒರೆಸಿಕೊಳ್ಳುತ್ತ, "ಕೈಮುಗ್ದು ಓಡ್ಬುಟ್ರೆ ಆಯ್ತಾ? ಗುಡಿಗಂಟ ನಮ್ಮನ್ನೂ ಕೂರಿಸ್ಕೊಂಡೋಗವ್ವಾ" ಅಂದಳು.

ಚಕ್ರೇಶ್ವರಿ ಹಿಂದಕ್ಕೆ ತಿರುಗಿ ಅಜ್ಜಿಯ ಮುಖ ನೋಡಿದಳು. ದೊಡ್ಡ ಮನೆಯ ಹಿರಿಯರು, ಕೆಸರು ಮೈಯವರನ್ನು ಪಕ್ಕ ಕೂರಿಸಿಕೊಂಡಾರೆಯೇ? ಗುರುಸಿದ್ದಮ್ಮ ಸೀರೆ ಒತ್ತರಿಸಿಕೊಂಡು ಸರಿದರು. "ಬಾರವ್ವಾ. ತಳ್ಳಿದ್ದು ನೀವು."

ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರು ಕೂತರು, ಇಬ್ಬರು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಕಾಲೂರಿ ನೇತಾಡಿದರು. ನಗು, ಕಿರುಚಾಟಗಳ ನಡುವೆ ಕಾರು ತೆವಳುತ್ತ ಗುಡಿ ಮುಟ್ಟಿತು. ಅಲ್ಲಿ ಶಿವನ ಎದುರಿಗೇ ಸೂರ್ಯನ ಗುಡಿ. ಗುರುಸಿದ್ದಮ್ಮ ಕಂಬವೊಂದನ್ನು ಕೈಯಿಂದ ಸವರಿ, "ಕಲ್ಲು ಇಷ್ಟು ನುಣ್ಣಗಿರ್ತದಾ!" ಎಂದು ಮಗುವಿನಂತೆ ಬೆರಗಾದರು. ಅವರಿಗೆ ಪ್ರತಿಯೊಂದು ಗೊಂಬೆಯನ್ನೂ ತೋರಿಸುತ್ತ ನಡೆದವಳು ಮಾದಮ್ಮ.

ವಾಪಸು ಹೊರಡುವಾಗ ಅಜ್ಜಿ ಮುಂದಿನ ಸೀಟಿಗೆ ಬಂದು ಕೂತರು.

"ಮಗಾ, ಹೊಳೆನರಸೀಪುರದ ಮ್ಯಾಲೆ ಓಗಕ್ಕಾಯ್ತದಾ? ಒಳೆ ನೋಡ್ಬೇಕು."

"ಅತ್ತೆ, ಊಟದ ಹೊತ್ತಿಗೆ ಮನೇಲಿರ್ಬೇಕು ಅಂದವ್ರೆ" ಎಂದಳು ಪ್ರೇಮಕುಮಾರಿ.

"ಗೊತ್ತು ಕಣವ್ವಾ. ಅರಕಲಗೂಡಿಂದ ನನ್ನ ಮದ್ವೆ ಮಾಡಿ ಕಳ್ಸಿದಾಗ ಒಂಬತ್ತು ವರ್ಸ. ಹರಿಗೋಲಲ್ಲಿ ಆ ಒಳೆ ದಾಟ್ಸಿದ್ರು. ಎದರ್ಕೊಂಡೀತು ಮಗ ಅಂತ ತಲೆ ಮ್ಯಾಲೆ ಕಂಬ್ಳಿ ಮುಚ್ಬುಟ್ಟಿದ್ರು. ನೀರಿನ ಸದ್ದು ಕೇಳಿಸ್ತು, ನೀರು ಕಾಣ್ಲಿಲ್ಲ. ಆಮ್ಯಾಕೆ ತೌರಲ್ಲಿ ಯಾರೂ ಉಳೀಲಿಲ್ಲ. ಆ ಕಡೀಕೆ ಓಗೋ ಕೆಲ್ಸಾನೇ ಬರ್ಲಿಲ್ಲ."

ಚಕ್ರೇಶ್ವರಿ ಕಾರು ಹೊರಡಿಸಿದಳು. ತಡವಾದರೆ ಪಂಚಾಕ್ಷರಯ್ಯನವರು ಸುಮ್ಮನಿರುವವರಲ್ಲ. ಅವರು ಮಂಡಿಯಲ್ಲಿ ಒಂದು ಮಾತು ಅಂದರೆ ಮತ್ತೆ ಯಾರೂ ಈ ಕಾರು ಹತ್ತುವುದಿಲ್ಲ. ಆದರೆ ಪಕ್ಕದಲ್ಲಿ ಕೂತ ಅಜ್ಜಿಯ ಮುಖ ನೋಡಿ ಇಲ್ಲವೆನ್ನಲು ಅವಳಿಗೆ ಆಗಲಿಲ್ಲ. ಹಾಸನಕ್ಕೆ ಬಂದವಳೇ ಹೊಳೆನರಸೀಪುರದ ರಸ್ತೆಗೆ ತಿರುಗಿಸಿದಳು.

ಹೇಮಾವತಿ ದಡ ತುಂಬಿ ಹರಿಯುತ್ತಿತ್ತು. ಗುರುಸಿದ್ದಮ್ಮ ಇಬ್ಬರ ಕೈ ಹಿಡಿದು ಮೆಟ್ಟಿಲಿಳಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರು. "ಇಷ್ಟು ಅಗಲವಾ!" ಅಂದರು. ಚಕ್ರೇಶ್ವರಿಯೂ ಸೀರೆ ಎತ್ತಿಕೊಂಡು ಪಕ್ಕದಲ್ಲಿ ನಿಂತಳು. ಹೊತ್ತು ಮೀರುತ್ತಿದೆ ಎಂಬ ಅಳುಕು ಆ ತಣ್ಣನೆಯ ನೀರಿನಲ್ಲಿ ಎಲ್ಲಿ ಹೋಯಿತೋ.

ಊರು ಸೇರುವಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಪಂಚಾಕ್ಷರಯ್ಯನವರು ಜಗಲಿಯಿಂದ ಧುಮುಕಿ ಬಂದರು.

"ಏನಮ್ಮಾ ಇದು? ಒಪ್ಪತ್ತು ಅಂದ್ರೆ ಇಷ್ಟೊತ್ತಾ? ನಾವು ಏನಂದ್ಕಬೇಕು?"

ಚಕ್ರೇಶ್ವರಿ ಬಾಯಿ ತೆರೆಯುವ ಮೊದಲೇ ಗುರುಸಿದ್ದಮ್ಮ ಬಾಗಿಲು ತೆಗೆದು ಇಳಿದರು. "ಅವಳಿಗ್ಯಾಕ್ಲಾ ಅಂತೀಯಾ? ಓಗು ಅಂದೋಳು ನಾನು. ನಾನು ಒಳೆ ನೋಡ್ದೆ ಕಣ್ಲಾ. ಬಾ, ಕೂತ್ಕೋ, ಯೋಳ್ತೀನಿ."

ಅಷ್ಟು ಹೊತ್ತಿಗೆ ಅಕ್ಕಪಕ್ಕದ ಹೆಂಗಸರೆಲ್ಲ ನೆರೆದಿದ್ದರು. ಅಜ್ಜಿ ಜಗಲಿಯ ಮೇಲೆ ಕೂತು ಕೆಸರಿನಿಂದ ಶುರುಮಾಡಿದರು. ಪಂಚಾಕ್ಷರಯ್ಯನವರು ಮುಖ ಬಿಗಿದುಕೊಂಡೇ ನಿಂತು ಕೇಳುತ್ತಿದ್ದವರು, ತಾಯಿ ಹರಿಗೋಲಿನ ಮಾತೆತ್ತಿದಾಗ ಮೆಲ್ಲಗೆ ಅವರ ಕಾಲ ಬಳಿ ಕೂತರು. ಅವರಿಗೂ ಆ ಸಂಗತಿ ಗೊತ್ತಿರಲಿಲ್ಲ.

ಚಕ್ರೇಶ್ವರಿ ಮನೆಯತ್ತ ಬಂದಾಗ ಯಶೋಧರ ಬೀದಿಯ ತುದಿಯ ಮೋರಿಕಟ್ಟೆಯ ಮೇಲೆ ಕಾಯುತ್ತಿದ್ದ. "ಬ್ರೇಕು ಯಂಗಿತ್ತು?" ಎಂದು ಕೇಳಿದ. ಬೇರೇನೋ ಕೇಳಲು ಹೊರಟು ಅದನ್ನು ಕೇಳಿದನೆಂದು ಅವಳಿಗೆ ಅರ್ಥವಾಯಿತು.

"ಚೆನ್ನಾಗಿತ್ತು. ಬನ್ನಿ, ಹೊತ್ತು ಮುಳುಗೋದ್ರೊಳ್ಗೆ ಉಣ್ಣಣ. ಒಟ್ಟೆ ಅಸಿದದೆ."

ಮಾರನೆಯ ವಾರ ಗುರುಸಿದ್ದಮ್ಮನವರು ಅರಕಲಗೂಡಿಗೆ ಹೊರಟರು. ಈ ಸಲ ಮಗನೇ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದರು. ಆಮೇಲೆ ಆ ಬೀದಿಯ, ಈ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರಿಗೋ ಹಳೇಕೋಟೆಯಲ್ಲಿರುವ ಅಕ್ಕನನ್ನು ನೋಡಬೇಕು, ಇನ್ಯಾರಿಗೋ ಎಲ್ಲಿಯಾದರೂ ಸರಿ, ಒಂದು ಒಪ್ಪತ್ತು ಮನೆಯಿಂದ ಹೊರಗಿರಬೇಕು. ಅರವತ್ತೇಳರಲ್ಲಿ ಬೆಳ್ಗೊಳದ ಮಹಾಮಸ್ತಕಾಭಿಷೇಕಕ್ಕೆ ದೇಶದ ನಾನಾ ಕಡೆಯ ಜನ ಬಂದಾಗ, ಯಾತ್ರಿಕರ ಹೆಂಗಸರು "ಬಾಯಿ ಓಡಿಸುವ ಗಾಡಿ ಯಾವುದು?" ಎಂದು, ಹೆಂಗಸನ್ನು ಬಾಯಿ ಎನ್ನುವ ತಮ್ಮ ಭಾಷೆಯಲ್ಲಿ, ಕೇಳಿಕೊಂಡು ಬರುತ್ತಿದ್ದರು.

ಜನಜಂಗುಳಿ ಕರಗಿ ಊರು ಮತ್ತೆ ತಣ್ಣಗಾದ ಒಂದು ಬೆಳಿಗ್ಗೆ ಚಕ್ರೇಶ್ವರಿ ಗಂಡನನ್ನು ಮುಂದಿನ ಸೀಟಿಗೆ ಹತ್ತಿಸಿ ಕೋಲನ್ನು ಹಿಂದಕ್ಕಿಟ್ಟಳು.

"ಇವತ್ತು ಬಾಡಿಗೆ ಇಲ್ಲ. ಎಲ್ಲಿಗೆ ಓಗ್ಬೇಕು ಯೋಳಿ."

ಯಶೋಧರ ತನ್ನ ಕಡೆಯ ಗಾಜು ಇಳಿಸಿದ. "ಎಲ್ಲಿಗಾದ್ರೂ ಸರಿ ಕಣೇ. ಸುಮ್ನೆ ಓಡ್ಸು, ನಾನು ಆಚೆ ಈಚೆ ನೋಡ್ತಾ ಕೂತಿರ್ತೀನಿ."

ಅವಳು ಗೇರು ಹಾಕಿದಳು.