ಮೊಗೆಕಾಯಿ ಮತ್ತು ಸುಮ್ಮನಿರದ ಕೈ

ನನ್ನ ಕೈಗಳಿಗೆ ಸುಮ್ಮನಿರುವುದೆಂದರೆ ಶಿಕ್ಷೆ. ಎದುರಿಗೆ ಕೂತವರ ಅಂಗಿಯ ಮೇಲೆ ದಾರದ ಎಳೆ ಕಂಡರೆ ಅವು ತೆಗೆದೇಬಿಡುತ್ತವೆ. ಯಾರದೋ ಮನೆಯ ಗೋಡೆಯಲ್ಲಿ ಪಟ ಓರೆಯಾಗಿದ್ದರೆ ಎದ್ದುಹೋಗಿ ನೆಟ್ಟಗೆ ಮಾಡುತ್ತವೆ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಕುಮಟಾ, ಭಟ್ಕಳ ಎಂದು ಕೂಗುತ್ತ, ಹೊರಡದ ಬಸ್ಸನ್ನು ಹೊರಡಿಸುತ್ತ, ಹೊರಟ ಬಸ್ಸಿನ ಹಿಂದೆ ಸೀಟಿ ಊದುತ್ತ ದಿನ ಕಳೆಯುತ್ತೇನೆ. ಇಂಥ ಕೆಲಸ ಮಾಡಿ ಮಾಡಿ ಹೀಗಾದೆನೋ, ಹೀಗಿದ್ದುದಕ್ಕೇ ಈ ಕೆಲಸ ಸಿಕ್ಕಿತೋ ಗೊತ್ತಿಲ್ಲ.

ಇಂಥವನಿಗೆ ದೇವರು ಒಬ್ಬ ಮಗಳನ್ನು ಕೊಟ್ಟ. ಅವಳಿಗೆ ಕತ್ತರಿ, ಗೋಂದು, ಬಣ್ಣದ ಕಾಗದದ ಹುಚ್ಚನ್ನೂ ಕೊಟ್ಟ. ಧಾತ್ರಿ ಈಗ ಎರಡನೆಯ ಕ್ಲಾಸು. ಮಳೆಗಾಲದಲ್ಲಿ ಬೆಳಬೆಳಗ್ಗೆ ಮೊಬೈಲಿಗೆ ‘ಇಂದು ಶಾಲೆಗಳಿಗೆ ರಜೆ’ ಎಂದು ಸಂದೇಶ ಬಂದರೆ ಊರಿನ ತಾಯಂದಿರೆಲ್ಲ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅಪ್ಪ-ಮಗಳು ಹಳೆಯ ಪೇಪರಿನ ರಾಶಿ ಹರಡಿಕೊಂಡು ಕೂತುಬಿಡುತ್ತೇವೆ, ನನಗೆ ಎರಡನೆಯ ಪಾಳಿಯಿದ್ದರೆ. ಆಮೇಲೆ ಆಗುವುದು ಮಾತ್ರ ಒಂದೇ ಕಥೆ. ಅವಳು ದೋಣಿಯನ್ನು ಸೊಟ್ಟಗೆ ಮಡಚುತ್ತಾಳೆ. “ಹಂಗಲ್ಲ ಮಗಾ, ತಾ ಇಲ್ಲಿ” ಎಂದು ನಾನು ಕಿತ್ತುಕೊಳ್ಳುತ್ತೇನೆ. ತುಸು ಹೊತ್ತಿನಲ್ಲಿ ನನ್ನ ಸುತ್ತ ದೋಣಿಗಳ ಸಾಲು, ಮಗಳು ಕಿಟಕಿಯ ಹತ್ತಿರ.

ಬೇಸಿಗೆಯಲ್ಲಿ ತೆಂಗಿನ ಗರಿಯ ಗಿರಗಿಟ್ಟೆ, ವಾಚು, ಪೀಪಿ, ದೀಪಾವಳಿಗೆ ಆಕಾಶಬುಟ್ಟಿ. ಎಲ್ಲವನ್ನೂ ಶುರುಮಾಡುವವಳು ಅವಳು, ಮುಗಿಸುವವನು ನಾನು. ಶಾಲೆಯಲ್ಲಿ ಕಾಗದದ ನವಿಲು ಮಾಡಲು ಹೇಳಿದ್ದಾಗ ನವಿಲಿನ ಗರಿಗರಿಗೂ ನಾನು ಕಣ್ಣು ಬರೆದು ಕಳಿಸಿದೆ. ಸಂಜೆ ಹೆಂಡತಿ ಸುಮನಾ ಚಹಾ ಕೊಡುತ್ತ ಕೇಳಿದಳು: “ಹ್ಞಾಂ, ನಿಮ್ಗೆ ಎಷ್ಟು ಮಾರ್ಕ್ಸು ಬಂತು?”

ಇದೇನೂ ನನ್ನೊಬ್ಬನ ರೋಗವಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ನಾನು ಪುರಾಣಕ್ಕೆ ಹೋಗುತ್ತೇನೆ. ಪಾರ್ವತಿ ಸ್ನಾನಕ್ಕೆ ಹೊರಟವಳು ಮೈಯ ಲೇಪವನ್ನೇ ಉಂಡೆ ಮಾಡಿ, ತಿದ್ದಿ ತೀಡಿ ಒಂದು ಮಗುವನ್ನು ಮಾಡಿದಳು. ಮನೆಯಲ್ಲಿದ್ದ ಸಾಮಾನಿನಿಂದಲೇ ಮಾಡಿದ್ದು, ಪೇಟೆಯಿಂದ ಏನೂ ತಂದಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಅಪ್ಪ ಬಂದ. ಬಂದವನು ಸುಮ್ಮನೆ ಜಗಲಿಯಲ್ಲಿ ಕೂತಿದ್ದರೆ ಆಗುತ್ತಿರಲಿಲ್ಲವೇ? ಇಲ್ಲ, ಕೈಹಾಕಿದ, ತಲೆ ಹಾರಿತು. ಮತ್ತೆ ಹೆಂಡತಿಯ ಮುಖ ನೋಡಲಾಗದೆ ಆನೆಯ ತಲೆ ತಂದು ಕೂಡಿಸಿ ‘ಮೊದಲಿಗಿಂತ ಚಂದ ಆಯ್ತು’ ಎಂದಿರಬೇಕು. ಅಪ್ಪಂದಿರ ರಿಪೇರಿ ಅಂದಿನಿಂದಲೂ ಹೀಗೆಯೇ. ಹಾಗೆ ನೋಡಿದರೆ ಚೌತಿ ಎಂಬುದು ನನ್ನಂಥವರು ತಲೆ ತಗ್ಗಿಸಬೇಕಾದ ಹಬ್ಬ.

ನಮ್ಮ ಕಡೆಯ ಚೌತಿಗೆ ಗಣಪತಿಯಷ್ಟೇ ಅವನ ತಲೆಯ ಮೇಲಿನ ಫಲಾವಳಿಯೂ ಮುಖ್ಯ. ಅಡಿಕೆಮರ ಸೀಳಿದ ದಬ್ಬೆಯ ಚೌಕಟ್ಟೊಂದನ್ನು ಮಾಡಿಗೆ, ಅಂದರೆ ಮನೆಯ ಸೂರಿಗೆ, ತೂಗುಬಿಟ್ಟು, ಆ ಹೊತ್ತಿಗೆ ಹಿತ್ತಲಲ್ಲಿ, ಹುಲ್ಲಿನ ಬೇಣದಲ್ಲಿ ಏನೇನು ಬಿಟ್ಟಿದೆಯೋ ಅದನ್ನೆಲ್ಲ ಬಾಳೆನಾರಿನಲ್ಲಿ ಕಟ್ಟಿ ಇಳಿಬಿಡಬೇಕು: ಅಡಿಕೆಗೊನೆ, ಮಾದಲಕಾಯಿ, ಅಂಬಟೆಕಾಯಿ, ಹೀರೆಕಾಯಿ, ಗೌರಿಹೂ. ಈ ವರ್ಷ ನಾನು ಹಿಂದಿನ ದಿನವೇ ರಜೆ ಹಾಕಿ, ಎಡಕ್ಕೊಂದು ಮಾದಲಕಾಯಿ ಇದ್ದರೆ ಬಲಕ್ಕೂ ಒಂದು ಬರುವಂತೆ ಕಟ್ಟಿದೆ. ನಡುವೆ, ಗಣಪತಿಯ ಕಿರೀಟದ ನೇರ ಮೇಲೆ, ಒಂದು ಪುಟ್ಟ ತೆಂಗಿನಕಾಯಿ ಬರಬೇಕಿತ್ತು.

ಅಲ್ಲಿಗೆ ಧಾತ್ರಿ ಒಂದು ಮೊಗೆಕಾಯಿಯನ್ನು, ಅದೇ ಸಾಂಬಾರಿಗೆ ಹಾಕುವ ದಪ್ಪ ಸೌತೆಕಾಯಿಯನ್ನು, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಮಳೆ ಶುರುವಾದಾಗ ಬಾವಿಕಟ್ಟೆಯ ಹತ್ತಿರ ಅವಳೇ ಬೀಜ ಹಾಕಿ, ಅವಳೇ ಕೋಲು ನೆಟ್ಟು ಬೆಳೆಸಿದ ಬಳ್ಳಿಯದು. ಬಳ್ಳಿ ಕೊಟ್ಟದ್ದು ಇದೊಂದೇ ಕಾಯಿ, ಅದೂ ಕೊಬ್ಬಿದ ಬೆಕ್ಕಿನಷ್ಟು ದಪ್ಪ.

“ಇದು ನಡುವಿಗೆ. ನಾನೇ ಕಟ್ತೆ. ನೀ ಮುಟ್ಬೇಡ.”

ನಾನು ಬಾಯಿ ತೆರೆಯುವ ಮೊದಲೇ ನನ್ನ ಅಮ್ಮ ಒಳಗಿನಿಂದ ಹೇಳಿದಳು: “ಕಟ್ಲಿ ಬಿಡು. ನೀ ಸ್ಟೂಲು ಹಿಡ್ಕ.” ಸ್ಟೂಲು ಹಿಡಿದುಕೊಂಡೆ. ಮಗಳು ತುಟಿ ಕಚ್ಚಿಕೊಂಡು ನಾರು ಸುತ್ತಿದಳು, ತಿರುವಿದಳು, ಎಳೆದಳು. ನನ್ನ ಕೈಗಳು ಸ್ಟೂಲಿನ ಕಾಲನ್ನು ಹಿಚುಕುತ್ತಿದ್ದವು.

ಮಾರನೆಯ ಬೆಳಿಗ್ಗೆ ಗಣಪತಿ ಬಂದು ಕೂತ ಮೇಲೆ ನನ್ನ ನೆಮ್ಮದಿ ಹೋಯಿತು. ಕೆಳಗೆ ಹಸಿಮಣ್ಣಿನ ಮೂರ್ತಿ, ಮೇಲೆ ಏಳು ವರ್ಷದ ಹುಡುಗಿ ಕಟ್ಟಿದ ಮೊಗೆಕಾಯಿ. ನೀರಿಗೆ ಬಿಡುವ ಮೊದಲೇ ಮೂರ್ತಿ ಭಿನ್ನವಾದರೆ ಅಮ್ಮ ಅನ್ನ ಬಿಡುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಅದು ತನ್ನ ಕಾಯಿಯಿಂದಲೇ ಆದದ್ದು ಎಂದು ಧಾತ್ರಿ ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾಳೆ. ಇನ್ನು ಮೇಲೆ ಅವಳು ಯಾವುದಕ್ಕೂ ‘ನಾನೇ’ ಎನ್ನಲಿಕ್ಕಿಲ್ಲ. ಭಟ್ಟರು ಮಂತ್ರ ಹೇಳುತ್ತಿದ್ದರೆ ನಾನು ಮಾಡು ನೋಡುತ್ತಿದ್ದೆ. ಫ್ಯಾನ್ ಆರಿಸಿದೆ. ಸೆಕೆ ಎಂದು ಭಟ್ಟರು ಮತ್ತೆ ಹಾಕಿಸಿದರು. ಮೊಗೆಕಾಯಿ ಮೆಲ್ಲಗೆ ಒಂದು ಸುತ್ತು ತಿರುಗಿತು.

ಊಟವಾಗಿ ಎಲ್ಲರೂ ಅಡ್ಡಾದ ಹೊತ್ತಿಗೆ ನಾನು ಸ್ಟೂಲು ಹತ್ತಿದೆ. ಒಂದು ಸುತ್ತು ಸುತ್ತಿ ಬಿಗಿ ಮಾಡೋಣ ಅಷ್ಟೇ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಕೈ ಎತ್ತಿದ್ದೆ.

“ಅಪ್ಪಾ!”

ಬಾಗಿಲಲ್ಲಿ ಧಾತ್ರಿ. ನನಗೆ ಅವಳ ಸಿಟ್ಟು ತಡೆದುಕೊಳ್ಳುವುದು ಗೊತ್ತು, ಅವಳ ಅಳು ತಡೆದುಕೊಳ್ಳುವುದು ಗೊತ್ತಿಲ್ಲ. ಅವಳು ಅಳಲಿಲ್ಲ, ಅಳದೆ ನಿಂತದ್ದೇ ನನಗೆ ಕಷ್ಟವಾಯಿತು. “ದೋಣಿನೂ ನೀನೇ ಮಾಡ್ದೆ. ನವಿಲೂ ನೀನೇ. ಇದೊಂದಾದ್ರೂ ನಂದು ಇರ್ಲಿ ಅಂದ್ರೆ ಬಿಚ್ಚೂಕೆ ಹತ್ದ್ಯಲ್ಲ ನೀನು.”

ಗಲಾಟೆಗೆ ಅಮ್ಮನೂ ಎದ್ದು ಬಂದಳು. “ದೇವ್ರ ತಲೆ ಮೇಲೆ ಹತ್ತಿ ನಿಂತಿದ್ಯಲ್ಲ, ಎಂತ ಮಾರಾಯಾ ನಿಂಗೆ? ಇಳಿ ಕೆಳ್ಗೆ!” ಇಳಿದೆ. ಧಾತ್ರಿ ಮೂಲೆಯಲ್ಲಿ ಉಳಿದಿದ್ದ ಬಾಳೆನಾರು ತಂದಳು. “ಕೈ ಕೊಡು.” ಎರಡೂ ಕೈ ಕೊಟ್ಟೆ. ಮಣಿಕಟ್ಟುಗಳನ್ನು ಸೇರಿಸಿ ಸುತ್ತಿ, ತಿರುವಿ, ಎಳೆದು ಕಟ್ಟಿದಳು. “ನಾ ಗಣಪತಿ ನೋಡ್ಕಂಡು ಬತ್ತೆ. ಅಲ್ಲಿವರೆಗೆ ಹೀಂಗೇ ಇರು” ಎಂದು ಕೇರಿಯ ಮಕ್ಕಳ ಜೊತೆ ಮನೆಮನೆಯ ಗಣಪತಿ ನೋಡಲು ಹೊರಟೇಹೋದಳು. ಅಮ್ಮ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ನಡೆದಳು.

ನೋಡಿ, ಕೈಕಟ್ಟಿ ಕೂತರೆ ಮೂಗು ತುರಿಸುತ್ತದೆ, ಬೆನ್ನು ತುರಿಸುತ್ತದೆ, ಗೋಡೆಯ ಮೇಲಿನ ಪಟಗಳೆಲ್ಲ ಓರೆಯಾಗುತ್ತವೆ. ಇದರ ಮೇಲೆ ಹಬ್ಬದ ದಿನ ಬಂದುಹೋಗುವವರು ಬೇರೆ. ನನ್ನ ಜೋಡಿಸಿದ ಕೈ ನೋಡಿದ ಎದುರುಮನೆಯ ಮಾಸ್ತರರು ಇದೇನು ಭಕ್ತಿ ಎಂದು ತಾವೂ ಕೈಮುಗಿದು ನಿಂತರು. ನಾನು ಬಿಡುವವರೆಗೆ ತಾವು ಬಿಡುವುದು ಹೇಗೆಂದು ಪಾಪ ಬಹಳ ಹೊತ್ತು ನಿಂತೇ ಇದ್ದರು.

ಆಮೇಲೆ ಭಟ್ಕಳದ ಹತ್ತಿರದ ಜಾಲಿಯಿಂದ ನಮ್ಮ ಬಸ್ ಡ್ರೈವರ್ ಇಸ್ಮಾಯಿಲ್ ಬಂದ. ಪ್ರತಿ ಚೌತಿಗೂ ಚಕ್ಕುಲಿಗೆ ಬರುವವನು. ನಡೆದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಲ್ದಾಣದಲ್ಲಿ ನಮ್ಮನ್ನೆಲ್ಲ ಕುಣಿಸ್ತ್ರಿ, ಮನೇಲಿ ನಿಮ್ಗೂ ಒಬ್ರು ಇದ್ದಾರೆ ಅಂತಾತು!”

ನಾನು ದನಿ ತಗ್ಗಿಸಿದೆ. “ಬೇಗ ಬಿಚ್ಚು ಮಾರಾಯಾ. ಅವ್ಳು ಬರೂದ್ರೊಳಗೆ ಆ ಮೊಗೆಕಾಯಿ ಒಂಚೂರು ಬಿಗಿ ಮಾಡ್ಬೇಕು.”

ಅವನು ಉಗುರು ಹಾಕಿದ, ಹಲ್ಲು ಹಾಕಿದ, ಎಳೆದ. ಎಳೆದಷ್ಟೂ ನಾರು ಮಣಿಕಟ್ಟಿಗೆ ಕಚ್ಚಿತು. ಬಸ್ಸಿನ ಟೈರು ಬಿಚ್ಚುವ ಮನುಷ್ಯ ಬೆವರು ಒರೆಸಿಕೊಂಡ. “ಇದು ಬರೂದಲ್ಲ ಸಾಹೇಬ್ರೆ. ಎಂತ ಗಂಟು ಹಾಕಿದೆ ಹುಡುಗಿ!”

ಚಕ್ಕುಲಿ ತಟ್ಟೆ ತಂದ ಅಮ್ಮ ಹೇಳಿದಳು: “ಅದು ಮಲ್ಲಿಗೆ ಕಟ್ಟೂ ಗಂಟು. ಎಳ್ದಷ್ಟೂ ಬಿಗಿ.” ಅಮ್ಮನ ತವರು ಮಲ್ಲಿಗೆಗೆ ಹೆಸರಾದ ಭಟ್ಕಳ. ದಿನವೂ ಸಂಜೆ ಅವಳು ಮಲ್ಲಿಗೆ ಕಟ್ಟುವಾಗ ಮಗಳು ಪಕ್ಕದಲ್ಲಿ ಕೂತಿರುತ್ತಿದ್ದುದನ್ನು ನಾನು ಕಂಡಿದ್ದೆ. ಅದೂ ಒಂದು ಕಲಿಕೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ, ಮೊಬೈಲಿನಲ್ಲಿ ನೋಡಿ ನಾನು ಕಲಿಸುವುದೇ ಕರಕುಶಲ ಎಂದುಕೊಂಡಿದ್ದೆ.

ನಾನು ಮಣಿಕಟ್ಟು ನೋಡಿದೆ. ತಲೆಯೆತ್ತಿ ಮೊಗೆಕಾಯಿ ನೋಡಿದೆ. ಅದೇ ನಾರು, ಅದೇ ಗಂಟು, ಅದೇ ಕೈ. ಅಂಥ ದಾಂಡಿಗನಿಗೇ ಬಿಚ್ಚಲಾಗದ್ದನ್ನು ನಾನು ಏನು ಬಿಗಿ ಮಾಡಲಿದ್ದೆ? ಇಸ್ಮಾಯಿಲ್ ಕತ್ತಿ ತರಲು ಎದ್ದ. “ಬೇಡ, ಕೂತ್ಕ” ಎಂದೆ. ಅವನು ಚಕ್ಕುಲಿ ಮುರಿದು ನನ್ನ ಬಾಯಿಗಿಟ್ಟ.

ಸಂಜೆ ಧಾತ್ರಿ ಓಡುತ್ತ ಬಂದು ಮೊದಲು ಮಾಡು ನೋಡಿದಳು, ಆಮೇಲೆ ನನ್ನ ಕೈ. “ಬಿಚ್ಚೂಕೆ ನೋಡಿದ್ಯಾ?”

“ನೋಡ್ದೆ ಮಗಾ. ಬರ್ಲೇ ಇಲ್ಲ.”

“ಮತ್ತೆ!” ಎಂದಳು. ಅಷ್ಟು ಸಣ್ಣ ಸಂಗತಿ ತಿಳಿಯಲು ಅಪ್ಪನಿಗೆ ಇಡೀ ಮಧ್ಯಾಹ್ನ ಬೇಕಾಯಿತಲ್ಲ ಎಂಬಂತೆ, ತಟ್ಟೆಯ ಕೊನೆಯ ಚಕ್ಕುಲಿ ಎತ್ತಿಕೊಂಡು ಒಳಗೆ ಹೋದಳು.